98 ದಿನದ ಮುಖ್ಯಮಂತ್ರಿ: ಹುನಗುಂದದ ಕಂಠಿ ಮತ್ತು ಕಾಂಗ್ರೆಸ್ಸಿನ ಮನೆಜಗಳ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರನ್ನ ಒಮ್ಮೆ ಕೇಳಿ ನೋಡಿ. ಬಿ.ಡಿ. ಜತ್ತಿ ಆದಮೇಲೆ ಯಾರು ಮುಖ್ಯಮಂತ್ರಿ? ಹತ್ತರಲ್ಲಿ ಎಂಟು ಮಂದಿ ನಿಜಲಿಂಗಪ್ಪ ಅಂತಾರೆ. ತಪ್ಪು. ನಡುವೆ ಒಬ್ಬರಿದ್ದರು. ಶಿವಲಿಂಗಪ್ಪ ರುದ್ರಪ್ಪ ಕಂಠಿ, ಹುನಗುಂದದ ಶಾಸಕರು. 1962ರ ಮಾರ್ಚ್ 14ರಿಂದ ಜೂನ್ 20ರವರೆಗೆ ಈ ರಾಜ್ಯವನ್ನ ಆಳಿದವರು. ಲೆಕ್ಕ ಹಾಕಿದರೆ 98 ದಿನ.

ನಾನು ಇಳಕಲ್ಲಿನವನು. ಇಳಕಲ್ ಈಗ ಬೇರೆ ತಾಲ್ಲೂಕು; ಕಂಠಿಯವರ ಕಾಲಕ್ಕೆ ಹುನಗುಂದಕ್ಕೇ ಸೇರಿತ್ತು. ನಮ್ಮ ಕಡೆ ಹಿರಿಯರು ಅವರ ಹೆಸರು ಬಂದಾಗೆಲ್ಲ ಭರತ ಅಂತಾರೆ. ರಾಮನ ಪಾದುಕೆ ಇಟ್ಟುಕೊಂಡು ರಾಜ್ಯ ನೋಡಿಕೊಂಡು, ರಾಮ ಬಂದ ಕೂಡಲೇ ಬಿಟ್ಟುಕೊಟ್ಟ ಅನ್ನೋ ಅರ್ಥದಲ್ಲಿ. ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು ಇದು. ಈಗೀಗ ನನಗೆ ಈ ಹೋಲಿಕೆ ಅಷ್ಟು ಸರಿ ಅನ್ನಿಸೋದಿಲ್ಲ. ಯಾಕೆ ಅಂತ ಹೇಳಬೇಕಾದರೆ ಕಂಠಿಯವರ ಬದುಕಿನ ಜೊತೆಗೆ ಅವರ ಪಕ್ಷದ ಕಥೆಯನ್ನೂ ಹೇಳಬೇಕು.

ಹುಟ್ಟಿದ್ದು 1908ರಲ್ಲಿ, ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ. ಬಾಗಲಕೋಟೆ, ಧಾರವಾಡದ ಕರ್ನಾಟಕ ಕಾಲೇಜು, ಕೊಲ್ಲಾಪುರ ಅಂತ ಓದಿ ವಕೀಲರಾದರು. ಆಗ ವಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರು ಸಂಸ್ಥಾನದ ಕಾಂಗ್ರೆಸ್ಸೇ ಬೇರೆ, ನಮ್ಮ ಕಡೆಯ ಕಾಂಗ್ರೆಸ್ಸೇ ಬೇರೆ. 1920ರ ನಾಗಪುರ ಅಧಿವೇಶನದಲ್ಲಿ ಭಾಷೆಯ ಆಧಾರದ ಮೇಲೆ ಪ್ರಾಂತೀಯ ಸಮಿತಿಗಳು ಆಗಬೇಕು ಅಂತ ತೀರ್ಮಾನವಾಯ್ತಲ್ಲ, ಆಗ ಹುಟ್ಟಿದ್ದು ಕರ್ನಾಟಕ ಪ್ರದೇಶ ಕಾಂಗ್ರೆಸ್. ಗಂಗಾಧರರಾವ್ ದೇಶಪಾಂಡೆಯವರ ಕಾಲದಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ವಿಜಾಪುರದ ವಕೀಲರು, ಮಾಸ್ತರರು, ವ್ಯಾಪಾರಸ್ಥರು ಸೇರಿ ಕಟ್ಟಿದ ಪಕ್ಷ ಅದು. ಅದಕ್ಕೆ ಎರಡು ಕೆಲಸ ಇದ್ದವು: ಬ್ರಿಟಿಷರನ್ನ ಕಳಿಸೋದು, ಕನ್ನಡ ಮಾತಾಡುವ ಜಿಲ್ಲೆಗಳನ್ನ ಒಂದು ಮಾಡೋದು. ಚಿತ್ರದುರ್ಗದ ವಕೀಲ ನಿಜಲಿಂಗಪ್ಪ ಈ ಸಮಿತಿಯ ಅಧ್ಯಕ್ಷರಾದರು. ಮುಂಬೈ ಕರ್ನಾಟಕದ ಕಂಠಿಯವರಂಥ ಎಷ್ಟೋ ಜನರಿಗೆ ನಿಜಲಿಂಗಪ್ಪ ನಾಯಕರಾಗಿದ್ದು ಹೀಗೆ. ಜಾತಿಯ ಮಾತು ಇಲ್ಲ ಅಂತ ನಾನು ಹೇಳೋದಿಲ್ಲ; ಇಬ್ಬರೂ ಲಿಂಗಾಯತರು, ಅದು ಲೆಕ್ಕಕ್ಕೆ ಬಂದೇ ಬರುತ್ತೆ. ಆದರೆ ಜಾತಿ ಒಂದರಿಂದಲೇ ಈ ನಿಷ್ಠೆ ಬಂತು ಅಂದರೆ ಏಕೀಕರಣದ ಹೋರಾಟವನ್ನ ಮರೆತ ಹಾಗೆ. ಜಾತಿ ಲೆಕ್ಕ ಎಷ್ಟು ಸಲ ಕೈಕೊಡುತ್ತೆ ಅನ್ನೋದು ಜತ್ತಿಯವರ ವಿಷಯ ಬಂದಾಗ ಗೊತ್ತಾಗುತ್ತೆ.

1952ರಲ್ಲಿ ಕಂಠಿಯವರು ಮುಂಬೈ ವಿಧಾನಸಭೆಯ ಉಪಸಭಾಧ್ಯಕ್ಷರಾದರು. ಆಗ ಮುಂಬೈ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಆ ಚುನಾವಣೆಯಲ್ಲಿ ಮೊರಾರ್ಜಿ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು. ಆದರೂ ಮುಖ್ಯಮಂತ್ರಿ ಆದರು, ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಬಂದರು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1956ರ ನವೆಂಬರ್ 1ರಂದು ರಾಜ್ಯ ಒಂದಾಯ್ತು. ಎರಡು ಕಾಂಗ್ರೆಸ್ಸೂ ಒಂದಾಗಬೇಕಾಯ್ತು, ಮತ್ತು ನಿಜವಾದ ಜಗಳ ಶುರುವಾಗಿದ್ದು ಅಲ್ಲಿಂದಲೇ. ಹಳೇ ಮೈಸೂರಿನ ನಾಯಕರಿಗೆ ತಮ್ಮ ಹಿಡಿತ ತಪ್ಪುವ ಭಯ ಇತ್ತು, ಅದು ಸುಳ್ಳು ಭಯವೂ ಅಲ್ಲ. ಕೆಂಗಲ್ ಹನುಮಂತಯ್ಯ ಏಕೀಕರಣಕ್ಕೆ ಒಪ್ಪಿದ್ದರೂ ರಾಜ್ಯ ಹುಟ್ಟುವ ಮೊದಲೇ ಕುರ್ಚಿ ಕಳೆದುಕೊಂಡರು. ಕಡಿದಾಳ್ ಮಂಜಪ್ಪ ಸ್ವಲ್ಪ ದಿನ ಇದ್ದರು. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪ. ಕಂಠಿ ವಿಧಾನಸಭೆಯ ಸ್ಪೀಕರ್.

1957ರಲ್ಲಿ ಕಾಂಗ್ರೆಸ್ 208ರಲ್ಲಿ 150 ಸೀಟು ಗೆದ್ದಿತು. ವಿರೋಧ ಪಕ್ಷ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಹೊರಗೆ ವಿರೋಧಿ ಇಲ್ಲದ ಪಕ್ಷಕ್ಕೆ ಒಳಗೇ ವಿರೋಧಿ ಹುಟ್ಟುತ್ತಾನೆ. ಒಂದೇ ವರ್ಷದಲ್ಲಿ ಭಿನ್ನಮತ ಜೋರಾಗಿ 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪ ಇಳಿಯಬೇಕಾಯ್ತು. ಶಾಸಕಾಂಗ ಪಕ್ಷದಲ್ಲಿ ಟಿ. ಸುಬ್ರಹ್ಮಣ್ಯ ಅವರನ್ನ ಸೋಲಿಸಿ ಮುಖ್ಯಮಂತ್ರಿ ಆದವರು ಜಮಖಂಡಿಯ ಬಿ.ಡಿ. ಜತ್ತಿ. ಅವರೂ ಲಿಂಗಾಯತರು, ಅವರೂ ವಿಜಾಪುರ ಜಿಲ್ಲೆಯವರು. ಜಾತಿ, ಜಿಲ್ಲೆ ಎರಡೂ ಒಂದೇ ಇದ್ದ ಜತ್ತಿ ಒಂದು ಕಡೆ, ಕಂಠಿ ಇನ್ನೊಂದು ಕಡೆ. ಕರ್ನಾಟಕದ ರಾಜಕಾರಣವನ್ನ ಬರೀ ಲಿಂಗಾಯತ-ಒಕ್ಕಲಿಗ ಅಂತ ಎರಡು ಡಬ್ಬಿಗೆ ತುಂಬುವ ವಿಶ್ಲೇಷಕರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಜತ್ತಿಯವರ ಬಗ್ಗೆ ಒಂದು ಮಾತು. ಭೂಸುಧಾರಣೆಯ ಸಮಿತಿಯ ನೇತೃತ್ವ ವಹಿಸಿದ್ದು ಅವರು. 1961ರ ಭೂಸುಧಾರಣಾ ಕಾಯ್ದೆ ಬಂದಿದ್ದೂ ಅವರ ಅವಧಿಯಲ್ಲೇ. ಉಳುವವನಿಗೆ ಭೂಮಿ ಅಂದರೆ ದೇವರಾಜ ಅರಸು ಅಂತ ಮಾತ್ರ ಕಲಿತ ನಮ್ಮ ತಲೆಮಾರಿಗೆ ಈ ಸಂಗತಿ ಗೊತ್ತಿಲ್ಲ. ಆ ಕಾಯ್ದೆಯಲ್ಲಿ ಜಮೀನ್ದಾರರಿಗೆ ನುಸುಳಲು ಬೇಕಾದಷ್ಟು ತೂತು ಇದ್ದವು ಅನ್ನೋದು ಬೇರೆ ವಿಷಯ.

ಈಗ 1962. ಕಾಂಗ್ರೆಸ್ 138ಕ್ಕೆ ಇಳಿಯಿತು, ಬಹುಮತಕ್ಕೇನೂ ತೊಂದರೆ ಇಲ್ಲ. ತೊಂದರೆ ಆಗಿದ್ದು ಹೊಸದುರ್ಗದಲ್ಲಿ. ಅಲ್ಲಿ ನಿಜಲಿಂಗಪ್ಪನವರನ್ನ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಸೋಲಿಸಿಬಿಟ್ಟರು. ಶಾಸಕರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಬಣ. ನಾಯಕನೇ ಸದನದಲ್ಲಿಲ್ಲ. ಜತ್ತಿಯವರಿಗೆ ಮತ್ತೆ ಮುಖ್ಯಮಂತ್ರಿ ಆಗಬೇಕು ಅಂತ ಇತ್ತು, ಬಣ ಬಿಡಲಿಲ್ಲ. ಕುರ್ಚಿಯನ್ನ ಕೈಬಿಡದ ಹಾಗೆ, ಆದರೆ ತನ್ನದು ಅಂತ ಅಂದುಕೊಳ್ಳದ ಹಾಗೆ ಹಿಡಿದುಕೊಂಡಿರುವ ಒಬ್ಬರು ಬೇಕಾಗಿತ್ತು. ಐದು ದಿನದ ಹಿಂದಷ್ಟೇ ಸ್ಪೀಕರ್ ಪೀಠದಿಂದ ಇಳಿದಿದ್ದ ಕಂಠಿ ಸಿಕ್ಕರು.

ಸ್ಪೀಕರ್ ಆಗಿದ್ದವರು ವಾರ ಕಳೆಯುವುದರೊಳಗೆ ಒಂದು ಬಣದ ಮುಖ್ಯಮಂತ್ರಿ! ಇವತ್ತಾಗಿದ್ದರೆ ಟಿವಿಯವರು ಎರಡು ದಿನ ಬಿಡುತ್ತಿರಲಿಲ್ಲ. ಸ್ಪೀಕರ್ ನಿಷ್ಪಕ್ಷಪಾತಿ ಅನ್ನೋ ನಂಬಿಕೆಗೆ ಪೆಟ್ಟು ಬಿದ್ದಿದ್ದು 2019ರ ಆಪರೇಷನ್ ಕಮಲದ ಕಾಲಕ್ಕೆ ಮಾತ್ರ ಅಂತ ತಿಳಿಯಬೇಡಿ.

ಆಮೇಲೆ ಬಾಗಲಕೋಟೆ ಕಥೆಯೊಳಗೆ ಬರುತ್ತೆ. ಅಲ್ಲಿ ಗೆದ್ದಿದ್ದ ಬಿ.ಟಿ. ಮುರ್ನಾಳ್ ಸೀಟು ಬಿಟ್ಟರು, ಉಪಚುನಾವಣೆ ಆಯ್ತು, ನಿಜಲಿಂಗಪ್ಪ ಬಾಗಲಕೋಟೆಯ ಶಾಸಕರಾದರು. ಜೂನ್‌ನಲ್ಲಿ ಕಂಠಿಯವರು ರಾಜೀನಾಮೆ ಕೊಟ್ಟು ಸರಿದರು. ಹೊಸ ಸಂಪುಟದಲ್ಲಿ ಶಿಕ್ಷಣ ಮಂತ್ರಿ ಆದರು. ಮುಖ್ಯಮಂತ್ರಿ ಆಗಿದ್ದವರು ಮರುದಿನ ಅದೇ ಸಂಪುಟದಲ್ಲಿ ಮಂತ್ರಿಯಾಗಿ ಕೂತರು. ಜಗಳ ಇಲ್ಲ, ಕಣ್ಣೀರಿಲ್ಲ, ರೆಸಾರ್ಟ್ ಇಲ್ಲ.

ಇದನ್ನೇ ಹಿರಿಯರು ಭರತ ಅಂತ ಹೊಗಳೋದು. ಬಿಹಾರದ ಜೀತನ್ ರಾಮ್ ಮಾಂಝಿಯವರನ್ನ ನೋಡಿ: 2014ರಲ್ಲಿ ನಿತೀಶ್ ಕುಮಾರ್ ಕೂರಿಸಿದರು, 2015ರಲ್ಲಿ ಏಳು ಅಂದಾಗ ಏಳಲಿಲ್ಲ, ಕೊನೆಗೆ ಬೇರೆ ಪಕ್ಷವನ್ನೇ ಕಟ್ಟಿದರು. ಜಾರ್ಖಂಡ್‌ನ ಚಂಪೈ ಸೊರೇನ್ 2024ರಲ್ಲಿ ಎದ್ದರು, ಆದರೆ ಎರಡು ತಿಂಗಳೊಳಗೆ ಬಿಜೆಪಿ ಸೇರಿದರು. ಇವರ ಪಕ್ಕ ಕಂಠಿಯವರನ್ನ ನಿಲ್ಲಿಸಿದರೆ ಯಾರಿಗಾದರೂ ಗೌರವ ಬರುತ್ತೆ. ನನಗೂ ಇದೆ.

ಆದರೆ ರಾಮನನ್ನ ಕಾಡಿಗೆ ಕಳಿಸಿದ್ದು ಕೈಕೇಯಿ. ನಿಜಲಿಂಗಪ್ಪನವರನ್ನ ಹೊರಗೆ ಕಳಿಸಿದ್ದು ಹೊಸದುರ್ಗದ ಮತದಾರರು. ಭರತನ ಹೋಲಿಕೆ ಮಾಡಿದ ಕೂಡಲೇ ಮತದಾರ ಕೈಕೇಯಿ ಆಗಿಬಿಡ್ತಾನೆ, ಕುರ್ಚಿ ಹುಟ್ಟಿನಿಂದಲೇ ಒಬ್ಬರ ಆಸ್ತಿ ಆಗಿಬಿಡುತ್ತೆ. ಅಲ್ಲೇ ನನ್ನ ತಕರಾರು. ಜನ ಬೇಡ ಅಂದವರಿಗಾಗಿ 138 ಶಾಸಕರ ಪಕ್ಷ ಮೂರು ತಿಂಗಳು ಕಾಯಿತು, ಆ ಕಾಯುವಿಕೆಯ ಹೆಸರು ಕಂಠಿ ಸರ್ಕಾರ. ಆ 138 ಜನರಲ್ಲಿ ಕಂಠಿಯವರನ್ನೇ ಐದು ವರ್ಷ ಇಟ್ಟುಕೊಳ್ಳೋಣ ಅಂತ ಯೋಚನೆ ಮಾಡುವ ಜಾಗವೇ ಇರಲಿಲ್ಲ. ಅನುಭವ ಕಮ್ಮಿ ಇತ್ತಾ? ಎರಡು ರಾಜ್ಯಗಳ ಸದನ ನಡೆಸಿದ್ದ ಮನುಷ್ಯ ಅವರು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿ, ಮುಖ್ಯಮಂತ್ರಿ ಆಗಿರಬಹುದು ಅಂತ ಸಂವಿಧಾನದ 164ನೇ ವಿಧಿ ಹೇಳುತ್ತೆ. ಮೊರಾರ್ಜಿ ಅದನ್ನೇ ಬಳಸಿದ್ದರು, ಕಂಠಿ ಅದನ್ನ ಕಣ್ಣಾರೆ ನೋಡಿದ್ದರು. 2021ರಲ್ಲಿ ನಂದಿಗ್ರಾಮದಲ್ಲಿ ಸೋತ ಮಮತಾ ಬ್ಯಾನರ್ಜಿ, 2022ರಲ್ಲಿ ಖಟೀಮಾದಲ್ಲಿ ಸೋತ ಪುಷ್ಕರ್ ಧಾಮಿ ಇಬ್ಬರೂ ಉಪಚುನಾವಣೆಗೆ ಕಾಯದೆ ಪ್ರಮಾಣವಚನ ತಗೊಂಡರು. 1962ರ ಮೈಸೂರು ಕಾಂಗ್ರೆಸ್ಸಿಗೆ ಅಷ್ಟು ಧೈರ್ಯ ಬರಲಿಲ್ಲ. ಸೋತವರನ್ನ ನೇರವಾಗಿ ಕೂರಿಸೋಕೆ ಒಂದು ಸಂಕೋಚ ಇತ್ತು ಅಂತ ನಾನು ಓದಿಕೊಳ್ಳೋದು. ಆ 98 ದಿನ ಆ ಸಂಕೋಚದ ಅಳತೆ. ಇವತ್ತು ಅಷ್ಟೂ ಉಳಿದಿಲ್ಲ.

ಈ ಜಿಲ್ಲೆಯವರಾಗಿ ನಮಗೆ ಒಂದು ಲೆಕ್ಕ ಬಾಕಿ ಇದೆ. 1958ರಿಂದ 1967ರವರೆಗೆ ಸಾಲಾಗಿ ಮೂವರು ಮುಖ್ಯಮಂತ್ರಿಗಳು ಈಗಿನ ಬಾಗಲಕೋಟೆ ಜಿಲ್ಲೆಯ ಕ್ಷೇತ್ರಗಳಿಂದ ಬಂದವರು: ಜಮಖಂಡಿ, ಹುನಗುಂದ, ಬಾಗಲಕೋಟೆ. ಹೆಚ್ಚುಕಮ್ಮಿ ಒಂಬತ್ತು ವರ್ಷ. ಬಂದಿದ್ದೇನು? ಸ್ವಂತ ಜಿಲ್ಲೆ ಆಗಲು 1997ರ ತನಕ ಕಾಯಬೇಕಾಯ್ತು. ಬಂದ ದೊಡ್ಡ ಯೋಜನೆ ಅಂದರೆ ಆಲಮಟ್ಟಿ. ಬಾಗಲಕೋಟೆಯ ಶಾಸಕರೇ ಮುಖ್ಯಮಂತ್ರಿ ಆಗಿದ್ದಾಗ, 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಅದೇ ಆಣೆಕಟ್ಟೆಯ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯ್ತು, ಜನ ನವನಗರಕ್ಕೆ ಎದ್ದು ಬಂದರು. ಹೊರಗಿನ ದೊಡ್ಡವರಿಗೆ ಸೀಟು ಕೊಡುವ ಚಟ ಮಾತ್ರ ನಮ್ಮನ್ನ ಬಿಟ್ಟಿಲ್ಲ. 1991ರಲ್ಲಿ ರಾಮಕೃಷ್ಣ ಹೆಗಡೆ ಬಾಗಲಕೋಟೆ ಲೋಕಸಭೆಗೆ ನಿಂತರು. ಅವತ್ತು ಜನ ಒಪ್ಪದೆ ಜಮಖಂಡಿಯ ಸಿದ್ದು ನ್ಯಾಮಗೌಡರನ್ನ ಗೆಲ್ಲಿಸಿದರು. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಸೋತ ಸಿದ್ದರಾಮಯ್ಯನವರನ್ನ ಬಾದಾಮಿ 1,696 ಮತಗಳಿಂದ ಉಳಿಸಿಕೊಂಡಿತು. 2023ಕ್ಕೆ ಅವರು ವರುಣಾಕ್ಕೆ ವಾಪಸ್ ಹೋದರು.

ಕಂಠಿಯವರ ಕೆಲಸ ಅಂತ ನಿಜಕ್ಕೂ ತೋರಿಸಬಹುದಾದ್ದು ಆ 98 ದಿನದ್ದಲ್ಲ, ಆಮೇಲಿನ ಶಿಕ್ಷಣ ಖಾತೆಯದ್ದು. 1963ರ ಸೆಪ್ಟೆಂಬರ್‌ನಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಶುರುವಾಯ್ತು. ರಾಜ್ಯಕ್ಕೆ ಸಿಕ್ಕ ಆ ಶಾಲೆಯನ್ನ ಬೆಂಗಳೂರು-ಮೈಸೂರಿನ ಹತ್ತಿರ ಇಡದೆ, ಬರಕ್ಕೆ ಹೆಸರಾದ ಜಿಲ್ಲೆಗೆ ತಂದಿದ್ದು ಕಂಠಿಯವರ ಹಟ ಅಂತ ನಮ್ಮ ಕಡೆ ಈಗಲೂ ಹೇಳ್ತಾರೆ. ನಮ್ಮ ಓಣಿಯಿಂದಲೇ ಒಬ್ಬ ಹುಡುಗ ಆ ಶಾಲೆಗೆ ಸೇರಿದಾಗ ನೇಕಾರರ ಮನೆಮನೆಯಲ್ಲೂ ಸಕ್ಕರೆ ಹಂಚಿದ್ದು ನನಗೆ ನೆನಪಿದೆ. ಹೆಣ್ಣುಮಕ್ಕಳಿಗಾಗಿ 1969ರಲ್ಲಿ ಕಿತ್ತೂರಿನಲ್ಲಿ ಶುರುವಾದ ವಸತಿ ಶಾಲೆಯ ಹಿಂದೆಯೂ ಅವರೇ ಇದ್ದರು.

1968ರಲ್ಲಿ ನಿಜಲಿಂಗಪ್ಪ ಎಐಸಿಸಿ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು. ಕುರ್ಚಿ ಮತ್ತೆ ಖಾಲಿ. ಒಮ್ಮೆ ಕಾಯ್ದು ಕೊಟ್ಟವರಿಗೆ ಈ ಸಲ ಸಿಗಬೇಕಿತ್ತಲ್ಲವಾ? ಸಿಕ್ಕಿದ್ದು 44 ವರ್ಷದ ವೀರೇಂದ್ರ ಪಾಟೀಲರಿಗೆ. ಬಣ ರಾಜಕಾರಣದಲ್ಲಿ ನಿಷ್ಠೆ ಅನ್ನೋದು ಸಾಲ ಅಲ್ಲ, ಯಾರೂ ತಿರುಗಿ ಕೊಡೋದಿಲ್ಲ.

ಮರುವರ್ಷ ಪಕ್ಷವೇ ಒಡೆಯಿತು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ರಾಷ್ಟ್ರಪತಿ ಅಭ್ಯರ್ಥಿಯಾಗಿ ನೀಲಂ ಸಂಜೀವ ರೆಡ್ಡಿ ಅಂತ ಹಿರಿಯರು ತೀರ್ಮಾನ ಮಾಡಿದರು, ಇಂದಿರಾ ಗಾಂಧಿಗೆ ಅದು ಬೇಕಿರಲಿಲ್ಲ. ಅವರು ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಕಿತ್ತುಕೊಂಡರು, ಜುಲೈ 19ಕ್ಕೆ 14 ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡಿದರು. ಆಗಸ್ಟ್‌ನಲ್ಲಿ ವಿ.ವಿ. ಗಿರಿ ಗೆದ್ದರು. ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾಂಗ್ರೆಸ್ ದೇಶದ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿತು. ಕುರ್ಚಿ ಯಾರದ್ದು ಅಂತ ನಾಲ್ಕು ಹಿರಿಯರು ಕೂತು ನಿರ್ಧರಿಸಬಹುದು ಅನ್ನೋ 1962ರ ಅಭ್ಯಾಸ ಮೈಸೂರಿನಲ್ಲಿ ನಡೆದಿತ್ತು, ದಿಲ್ಲಿಯಲ್ಲಿ ನಡೆಯಲಿಲ್ಲ. ಆ ಕಡೆ ಇದ್ದವರು ಕಂಠಿ ಅಲ್ಲ, ಇಂದಿರಾ.

ಒಡಕಾಗಿ ಆರು ವಾರಕ್ಕೆ, ಆ ವರ್ಷದ ಡಿಸೆಂಬರ್‌ನಲ್ಲಿ, 61ನೇ ವಯಸ್ಸಿಗೆ ಕಂಠಿ ತೀರಿಕೊಂಡರು. 1971ರಲ್ಲಿ ರಾಜ್ಯದ 27 ಲೋಕಸಭಾ ಸೀಟೂ ಇಂದಿರಾ ಪಾಲಾದವು. ಮರುವರ್ಷದ ವಿಧಾನಸಭೆಯಲ್ಲಿ ಅವರ ಕಾಂಗ್ರೆಸ್ಸಿಗೆ 165, ನಿಜಲಿಂಗಪ್ಪನವರ ಕಾಂಗ್ರೆಸ್ಸಿಗೆ 24. ಅರಸು ಮುಖ್ಯಮಂತ್ರಿ ಆದರು. ಮುಖ್ಯಮಂತ್ರಿ ಕುರ್ಚಿಗೆ ಮತ್ತೆ ಬರದ ಜತ್ತಿ ಇಂದಿರಾ ಕಾಲದಲ್ಲಿ ರಾಜ್ಯಪಾಲರಾದರು, ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಆ ಹಂಗಾಮಿ ಕುರ್ಚಿಯನ್ನ ಅವರು ಬಿಟ್ಟುಕೊಟ್ಟಿದ್ದು ಯಾರಿಗೆ ಅಂತೀರಾ? 1969ರಲ್ಲಿ ಸೋತಿದ್ದ ಅದೇ ನೀಲಂ ಸಂಜೀವ ರೆಡ್ಡಿಯವರಿಗೆ.