ಸರಕಾರಿ ವಕೀಲರು ಹಿಡಿದ ಇನ್ನೊಂದು ವಕಾಲತ್ತು

ವಚನ ಸಾಹಿತ್ಯದ ಮಾತು ಬಂದೊಡನೆ ಫ. ಗು. ಹಳಕಟ್ಟಿಯವರ ಹೆಸರು ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲೆ ತಾನಾಗಿ ಬರುತ್ತದೆ. ಅವರು ವೃತ್ತಿಯಿಂದ ವಕೀಲರಾಗಿದ್ದರು, ವಿಜಾಪುರದಲ್ಲಿ ಸರಕಾರಿ ವಕೀಲರ ಹೊಣೆಯನ್ನೂ ಹೊತ್ತಿದ್ದರು ಎಂಬ ಸಂಗತಿಯನ್ನು ಮಾತ್ರ ನಾವು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತೇವೆ. ಧಾರವಾಡದಲ್ಲಿ ಹಲವು ವರ್ಷಗಳಿಂದ ವಚನಗಳನ್ನು ಪಾಠ ಹೇಳುತ್ತ ಬಂದಿರುವ ನನಗೆ, ಅವರ ಉಳಿದ ಬಾಳನ್ನು ತಿಳಿಯುವ ದಾರಿ ಆ ಒಂದು ಸಾಲಿನಲ್ಲಿಯೇ ಇದೆಯೆಂದು ತೋರುತ್ತದೆ.

ಹಳಕಟ್ಟಿಯವರು ಜನಿಸಿದುದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಬಾಲಕ ಫಕೀರಪ್ಪನಿಗೆ ಹತ್ತು ವರ್ಷ ತುಂಬಿದ ತಿಂಗಳಲ್ಲಿಯೇ, ಎಂದರೆ 1890ರ ಜುಲೈಯಲ್ಲಿ, ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಓದಿದ ಕನ್ನಡಿಗನೇ ತನ್ನ ನುಡಿಯನ್ನಾಡಲು ಹಿಂಜರಿಯುವ ಕಾಲವದು. ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ಹೋದ ಹಳಕಟ್ಟಿಯವರಿಗೆ ಅಲ್ಲಿ ಆಲೂರ ವೆಂಕಟರಾಯರ ಒಡನಾಟ ದೊರೆಯಿತು. ನೆರೆಯ ಭಾಷೆಯವರು ತಮ್ಮ ಸಾಹಿತ್ಯಕ್ಕಾಗಿ ಪಡುತ್ತಿದ್ದ ಶ್ರಮವನ್ನು ಕಣ್ಣಾರೆ ಕಂಡುದರಿಂದ ಕನ್ನಡದ ಬಡತನವು ಅವರ ಮನಸ್ಸನ್ನು ಇನ್ನಷ್ಟು ಚುಚ್ಚಿತು. 1904ರಲ್ಲಿ ಕಾಯದೆಯ ಪದವಿಯನ್ನು ಪಡೆದು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದರು. ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲಸಿದರು.

ಸರಕಾರಿ ವಕೀಲನೆಂದರೆ ಯಾರು? ಇಂದು ನಾವು ಸರಕಾರಿ ಅಭಿಯೋಜಕರೆಂದು ಕರೆಯುವ ಈ ಅಧಿಕಾರಿಯ ಸ್ಥಾನವನ್ನು ಅಂದು 1898ರ ಫೌಜದಾರಿ ಪ್ರಕ್ರಿಯೆಯ ಸಂಹಿತೆಯು ಗೊತ್ತುಪಡಿಸಿತ್ತು. ಸೆಶನ್ಸ್ ನ್ಯಾಯಾಲಯದ ಮುಂದೆ ಬರುವ ಪ್ರತಿಯೊಂದು ಖಟ್ಲೆಯನ್ನೂ ಸರಕಾರದ ಪರವಾಗಿ ನಡೆಸತಕ್ಕವನು ಅವನೇ. ನ್ಯಾಯಾಲಯದ ಒಪ್ಪಿಗೆ ಪಡೆದು ಖಟ್ಲೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವೂ ಅವನಿಗಿತ್ತು. 1973ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಸಂಹಿತೆಯೇ ಬದಲಾದರೂ ಆ ಅಧಿಕಾರ ಇಂದಿಗೂ ಉಳಿದಿದೆ. ಹೀಗೆ ಅವನ ಕೈಯಲ್ಲಿರುವುದು ಮನುಷ್ಯರ ಪ್ರಾಣ ಮಾನಗಳು. ಆದುದರಿಂದಲೇ ಆರೋಪಿಯನ್ನು ಹೇಗಾದರೂ ಶಿಕ್ಷೆಗೆ ಗುರಿಪಡಿಸುವುದು ಅವನ ಧರ್ಮವಲ್ಲ. ಸಾಕ್ಷಿ ಪುರಾವೆಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ನ್ಯಾಯಾಸನದ ಮುಂದಿಡುವುದು ಅವನ ಧರ್ಮ. ಕಾಗದವನ್ನು ಕಾಣದೆ ಮಾತನಾಡಬಾರದು, ಒಬ್ಬನ ಹೇಳಿಕೆಯನ್ನು ಇನ್ನೊಬ್ಬನ ಹೇಳಿಕೆಯೊಡನೆ ತಾಳೆ ನೋಡದೆ ನಂಬಬಾರದು. ಈ ಎರಡು ಕಟ್ಟಳೆಗಳನ್ನು ಹಳಕಟ್ಟಿಯವರು ನ್ಯಾಯಾಲಯದ ಹೊಸ್ತಿಲಲ್ಲಿ ಬಿಟ್ಟುಬರಲಿಲ್ಲ.

ಅವರು ಕೈಗೆತ್ತಿಕೊಂಡ ಇನ್ನೊಂದು ವಕಾಲತ್ತಿನಲ್ಲಿ ಕಕ್ಷಿದಾರರು ಏಳುನೂರು ವರ್ಷಗಳ ಹಿಂದೆ ಅಳಿದವರು. ಕುಂಬಾರ, ಅಂಬಿಗ, ಮಡಿವಾಳ, ಸೂಳೆ, ಅರಸು, ಮಂತ್ರಿ ಎಂಬ ಭೇದವಿಲ್ಲದೆ ಅನುಭವವನ್ನು ನುಡಿದ ಶರಣರ ಮಾತುಗಳು ಮಠಗಳ ಮಾಡಗಳಲ್ಲಿ, ಮನೆಗಳ ಜಗುಲಿಗಳ ಮೇಲೆ ಓಲೆಗರಿಯ ಕಟ್ಟುಗಳಾಗಿ ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ಅಲ್ಲೊಂದು ಇಲ್ಲೊಂದು ಗ್ರಂಥ ಅಚ್ಚಾಗಿದ್ದರೂ ಇದೊಂದು ವಿಶಾಲವಾದ ಸಾಹಿತ್ಯವೆಂಬ ಅರಿವು ನಾಡಿಗಿರಲಿಲ್ಲ. ಹಳಕಟ್ಟಿಯವರು ಊರೂರು ಅಲೆದು ಸುಮಾರು 1,000 ಕಟ್ಟುಗಳನ್ನು ಕೂಡಿಹಾಕಿದರು. ಬೆರಳೆಣಿಕೆಯ ಹೆಸರುಗಳಷ್ಟೇ ಜನರಿಗೆ ಗೊತ್ತಿದ್ದಲ್ಲಿ 200ಕ್ಕೂ ಮಿಕ್ಕ ವಚನಕಾರರು ಬೆಳಕಿಗೆ ಬಂದರು.

ಈ ಶೋಧದ ಮೊದಲ ಫಲವಾದ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಒಪ್ಪದೆ ಹಸ್ತಪ್ರತಿಯನ್ನು ಹಿಂದಿರುಗಿಸಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದರ ಮೊದಲನೆಯ ಭಾಗವು ಬೆಳಕು ಕಂಡಿತು. ಅದರಲ್ಲಿ ವಚನಗಳು ವಚನಕಾರರ ಸರದಿಯಲ್ಲಿಲ್ಲ. ವಿಷಯಗಳಿಗೆ ಅನುಸಾರವಾಗಿ ವಿಂಗಡಣೆಗೊಂಡಿವೆ. ಒಂದು ಪ್ರಮೇಯವನ್ನೆತ್ತಿಕೊಂಡು ಅದಕ್ಕೆ ಒಬ್ಬರಾದ ಮೇಲೊಬ್ಬರಂತೆ ಶರಣರನ್ನು ಸಾಕ್ಷಿಗೆ ಕರೆಯುವ ಆ ಕ್ರಮದಲ್ಲಿ ನನಗೆ ವಕೀಲರ ಕೈವಾಡವೇ ಕಾಣುತ್ತದೆ.

ಇಷ್ಟರಲ್ಲಿ ವಿಜಾಪುರದ ಸಾರ್ವಜನಿಕ ಜೀವನದ ಭಾರವೂ ಅವರ ಹೆಗಲಿಗೇರಿತ್ತು. 1910ರಲ್ಲಿ ಹುಟ್ಟಿದ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ, 1912ರಲ್ಲಿ ಆರಂಭವಾದ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಇವೆರಡರ ಬುಡದಲ್ಲಿಯೂ ಅವರ ದುಡಿಮೆಯಿದೆ. 1920ರ ಸುಮಾರಿಗೆ ಮುಂಬಯಿಯ ಶಾಸನ ಪರಿಷತ್ತಿನ ಸದಸ್ಯರಾದರು. ಸರಕಾರವು ರಾವಬಹಾದ್ದೂರ ಪದವಿಯನ್ನಿತ್ತಿತು. ಇಷ್ಟು ಅಧಿಕಾರ, ಇಷ್ಟು ಪರಿಚಯಗಳುಳ್ಳ ವಕೀಲರು ಹಣವಂತರಾಗುವುದು ಲೋಕರೂಢಿ. ಹಳಕಟ್ಟಿಯವರು ಹಿಡಿದುದು ವಿರುದ್ಧವಾದ ದಾರಿ. ಪರರ ಮುದ್ರಣಾಲಯವನ್ನು ನೆಚ್ಚಿದರೆ ಕೆಲಸ ಸಾಗದೆಂದರಿತು 1925ರಲ್ಲಿ ಸ್ವಂತ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರನ್ನು ಅರಸಿ ಬಂದಿತು. 1930ರಲ್ಲಿ ಗೂಳೂರ ಸಿದ್ಧವೀರಣ್ಣನ ಶೂನ್ಯಸಂಪಾದನೆಯು ಅವರ ಸಂಪಾದನೆಯಲ್ಲಿ ಪ್ರಕಟವಾಯಿತು. ಹರಿಹರನ ರಗಳೆಗಳೂ ಅಚ್ಚಿಗೆ ಬಂದವು. ವಕೀಲಿಯ ಗಳಿಕೆಯೆಲ್ಲ ಕಾಗದಕ್ಕೂ ಶಾಯಿಗೂ ಸಂದಿತು. ಊರಿಗೆ ಬ್ಯಾಂಕು ಕಟ್ಟಿಕೊಟ್ಟವರು ತಾವು ಬಾಡಿಗೆಯ ಮನೆಯಲ್ಲಿ ಬಾಳಿದರು. ಸಾರ್ವಜನಿಕ ಹಣಕ್ಕೂ ಸ್ವಂತ ಹಣಕ್ಕೂ ನಡುವೆ ಗೆರೆಯೆಳೆಯುವವರು ಸಾಮಾನ್ಯವಾಗಿ ತಮ್ಮ ಕಡೆಯ ಪಾಲನ್ನು ಕಾಯ್ದುಕೊಳ್ಳುತ್ತಾರೆ. ಇವರು ಗೆರೆಯಾಚೆಗೆ ತಮ್ಮದನ್ನೂ ಸುರಿದರು. ಇದರ ಬಿಸಿ ಅವರ ಮನೆಯವರಿಗೂ ತಟ್ಟದೆ ಇದ್ದೀತೆ? ಅವರನ್ನು ಕೊಂಡಾಡುವಾಗ ಈ ಮಾತನ್ನೂ ನೆನೆಯುವುದು ನ್ಯಾಯ.

ಅವರ ಸಂಪಾದನೆಯಲ್ಲಿ ಕೊರತೆಗಳಿಲ್ಲವೆಂದು ನಾನು ಹೇಳಲಾರೆ. ಪಾಠಾಂತರಗಳನ್ನು ಇಂದಿನ ಗ್ರಂಥಸಂಪಾದನಾಶಾಸ್ತ್ರವು ಬಯಸುವ ರೀತಿಯಲ್ಲಿ ಅವರು ನಮೂದಿಸಲಿಲ್ಲ. ಮುಂದಿನ ವಿದ್ವಾಂಸರು ಹೆಚ್ಚಿನ ಪ್ರತಿಗಳನ್ನು ದೊರಕಿಸಿ ಅನೇಕ ಪಾಠಗಳನ್ನು ತಿದ್ದಿದರು. ಸರಕಾರವು 1993ರಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ಕೆಳಗಿನ ನ್ಯಾಯಾಲಯದ ತೀರ್ಪನ್ನು ಮೇಲಿನದು ತಿದ್ದಬಹುದು. ಆದರೆ ದಾವೆಯೇ ದಾಖಲಾಗದಿದ್ದರೆ ತಿದ್ದುವುದೇನನ್ನು? ಗೆದ್ದಲಿಗೂ ಮಳೆಗೂ ಈಡಾಗಲಿದ್ದ ಓಲೆಗರಿಗಳನ್ನು ದಾಖಲೆಯ ಪಟ್ಟಕ್ಕೇರಿಸಿದ ಉಪಕಾರ ಹಳಕಟ್ಟಿಯವರದು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ. ಲಿಟ್. ಪದವಿಯನ್ನು ಸಲ್ಲಿಸಿದಾಗ ಧಾರವಾಡವು ತನ್ನ ಮಗನನ್ನು ತಡವಾಗಿಯಾದರೂ ಗುರುತಿಸಿದಂತಾಯಿತು. 1964ರ ಜೂನ್ 29ರಂದು ಅವರು ತೀರಿಕೊಂಡರು. 84 ವರ್ಷ ತುಂಬಲು ಇನ್ನು ಮೂರೇ ದಿನ ಉಳಿದಿದ್ದವು. ಅವರ ಜನ್ಮದಿನವನ್ನು ಈಗ ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ಕಾಯದೆಯನ್ನು ಓದುತ್ತಿರುವ ತರುಣರೂ ಕನ್ನಡವನ್ನು ಓದುತ್ತಿರುವ ತರುಣರೂ ಆ ದಿನ ಒಂದೇ ಸಭೆಯಲ್ಲಿ ಕುಳಿತುಕೊಳ್ಳಲೆಂದು ನನ್ನ ಆಸೆ. ಅಧಿಕಾರದಲ್ಲಿದ್ದವನು ಸಾಕ್ಷ್ಯಕ್ಕೆ ನಿಷ್ಠನಾಗಿರುವುದು ಹೇಗೆಂಬುದನ್ನು ಮೊದಲಿನವರು ಅವರಿಂದ ಕಲಿಯಬಹುದು. ಓದುವ ಪ್ರತಿಯೊಂದು ವಚನದ ಹಿಂದೆ ಎಂಥ ದುಡಿಮೆಯಿದೆಯೆಂಬುದನ್ನು ಎರಡನೆಯವರು ತಿಳಿಯಬಹುದು.