ಫ್ಲಾರೆನ್ಸ್ ನೈಟಿಂಗೇಲಳೂ ನಮ್ಮ ದಂಡಿನ ಲೆಕ್ಕವೂ

ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ಮಂಚದಿಂದ ಮಂಚಕ್ಕೆ ನಡೆದ ದಾದಿಯೆಂದೇ ಫ್ಲಾರೆನ್ಸ್ ನೈಟಿಂಗೇಲಳನ್ನು ಲೋಕವು ಬಲ್ಲದು. ಆದರೆ ಆಕೆ ದೀಪ ಹಿಡಿದ ಕಾಲ ಎರಡು ವರ್ಷಗಳಿಗೂ ಕಡಮೆ. ಲೇಖನಿಯನ್ನೂ ಮರಣದ ಪಟ್ಟಿಗಳನ್ನೂ ಹಿಡಿದು ದುಡಿದ ಕಾಲವಾದರೋ ಹಲವು ದಶಕಗಳದು. ಆ ದುಡಿಮೆಯ ದೊಡ್ಡದೊಂದು ಭಾಗ ಆಕೆ ಎಂದೂ ಕಣ್ಣಾರೆ ಕಾಣದ ನಮ್ಮ ದೇಶಕ್ಕೆ ಸಂಬಂಧಪಟ್ಟುದು; ಅದರಲ್ಲಿ ಬೆಂಗಳೂರು ದಂಡಿಗೂ ಹಲಸೂರು ಕೆರೆಗೂ ಪಾಲುಂಟು. ಸುಸ್ಥಿರ ಅಭಿವೃದ್ಧಿಯ ಗುರಿಗಳು, ಸೂಚ್ಯಂಕಗಳು ಎಂಬ ಮಾತುಗಳು ಕಚೇರಿ ಕಚೇರಿಗಳಲ್ಲಿ ಕೇಳಿಬರುತ್ತಿರುವ ಈ ದಿನಗಳಲ್ಲಿ, ಆಕೆಯ ಜೀವಿತದ ಈ ಭಾಗವನ್ನು ವಾಚಕರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗಳಿಗೆ ಹುಟ್ಟಿದ ಈಕೆಗೆ ಆ ಊರಿನ ಹೆಸರನ್ನೇ ಇಟ್ಟರು. ಬಾಲ್ಯದಿಂದಲೂ ಗಣಿತದಲ್ಲಿ ಆಸಕ್ತಿ. ರೋಗಿಗಳ ಶುಶ್ರೂಷೆಯು ಕುಲೀನ ಮನೆತನದ ಹೆಣ್ಣಿಗೆ ತಕ್ಕುದಲ್ಲವೆಂದು ಮನೆಯವರು ಬಹುಕಾಲ ತಡೆದರು. ಆಕೆ ಹಿಡಿದ ಹಟವನ್ನು ಬಿಡಲಿಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ನಿಮಿತ್ತ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಶತ್ರುವಿನ ಗುಂಡಿಗಿಂತ ಭೇದಿ, ವಿಷಮಜ್ವರಗಳಿಗೆ ಬಲಿಯಾದ ಸಿಪಾಯಿಗಳೇ ಹೆಚ್ಚು. 1855ರ ಮಾರ್ಚಿಯಲ್ಲಿ ನೈರ್ಮಲ್ಯ ಆಯೋಗವೊಂದು ಬಂದು, ಕಟ್ಟಡದಡಿಯ ಕೊಳಚೆ ಕಾಲುವೆಗಳನ್ನು ತೊಳೆಸಿ ಗಾಳಿಗೆ ದಾರಿ ಮಾಡಿದ ಮೇಲೆ ಮರಣಗಳು ಶೀಘ್ರವಾಗಿ ಇಳಿದುವು.

ಇದರ ಅರ್ಥ ಪೂರ್ಣವಾಗಿ ತಿಳಿದುದು ಸ್ವದೇಶಕ್ಕೆ ಮರಳಿ ಲೆಕ್ಕ ಹಾಕಿದಾಗ. ಜನನ ಮರಣಗಳ ಲೆಕ್ಕದಲ್ಲಿ ನಿಷ್ಣಾತನಾಗಿದ್ದ ವಿಲಿಯಂ ಫಾರ್ ಎಂಬಾತನ ನೆರವಿನಿಂದ ಸೈನ್ಯದ ಅಂಕಿಗಳನ್ನು ನಾಗರಿಕರ ಅಂಕಿಗಳೊಡನೆ ಹೋಲಿಸಿ ನೋಡಿದಾಗ, ಶಾಂತಿಕಾಲದಲ್ಲಿ ಇಂಗ್ಲೆಂಡಿನ ಬ್ಯಾರಕ್ಕುಗಳಲ್ಲಿದ್ದ ಯೋಧರು ಸಹ ಅದೇ ವಯಸ್ಸಿನ ನಾಗರಿಕರ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಸಾಯುತ್ತಿದ್ದುದು ಹೊರಬಿದ್ದಿತು. ಮಂತ್ರಿಗಳು ಅಂಕಿಗಳ ಕೋಷ್ಟಕವನ್ನು ಓದಲಾರರೆಂದು ಅರಿತು, ವೃತ್ತವನ್ನು ಹನ್ನೆರಡು ತಿಂಗಳ ಹೋಳುಗಳಾಗಿ ಸೀಳಿ, ತಡೆಯಬಹುದಾಗಿದ್ದ ಸಾವುಗಳನ್ನು ಬೇರೆ ಬಣ್ಣದಲ್ಲಿ ತೋರಿಸುವ ಚಿತ್ರಗಳನ್ನು ಬರೆದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಪ್ರಥಮ ಮಹಿಳಾ ಸದಸ್ಯಳನ್ನಾಗಿ ಚುನಾಯಿಸಿತು.

ಅಷ್ಟರಲ್ಲಿ ಭಾರತದಲ್ಲಿ 1857ರ ಸಂಗ್ರಾಮ ನಡೆದು, ಬಿಳಿಯ ಸೈನ್ಯದ ಸಂಖ್ಯೆಯನ್ನು ಹೆಚ್ಚಿಸುವುದು ಆಳುವವರಿಗೆ ಅಗತ್ಯವಾಯಿತು. ಆ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ರಾಜ ಆಯೋಗವೊಂದು ನೇಮಕವಾಯಿತು. ವ್ಯಾಧಿಪೀಡಿತಳಾಗಿ ಮಲಗುವ ಕೋಣೆಯಿಂದ ಹೊರಬರುವುದೇ ಅಪರೂಪವಾಗಿದ್ದರೂ, ಅದರ ಪ್ರಶ್ನಾವಳಿಯನ್ನು ಸಿದ್ಧಪಡಿಸುವಲ್ಲಿ ಮುಂದಾದವಳು ಈಕೆಯೇ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳೆ ಎಲ್ಲಿಗೆ ಹೋಗುತ್ತದೆ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ, ಎಷ್ಟು ಮಂದಿ ಯಾವ ಕಾಯಿಲೆಯಿಂದ ಸತ್ತರು ಎಂಬ ಪ್ರಶ್ನೆಗಳು ದೇಶದ ಸೈನಿಕ ಠಾಣೆಗಳಿಗೆಲ್ಲ ಹೋದುವು. 1863ರಲ್ಲಿ ಪ್ರಕಟವಾದ ವರದಿಯು ಎರಡು ಸಾವಿರ ಪುಟಗಳನ್ನು ಮೀರಿತ್ತು. ಭಾರತದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಅದು ಲೆಕ್ಕ ತೋರಿಸಿತು. ಬೆಂಗಳೂರು ಠಾಣೆಯ ಉತ್ತರವೂ ಅದರಲ್ಲಿತ್ತು. ಕುಡಿಯುವುದಕ್ಕೆ ಬಳಸುತ್ತಿದ್ದ ಹಲಸೂರು ಕೆರೆಗೆ ಬಜಾರಿನ ಹೊಲಸು ಹರಿದು ಬರುತ್ತಿದ್ದ ಸಂಗತಿ ಆಕೆಯ ಗಮನದಿಂದ ತಪ್ಪಲಿಲ್ಲ.

ವರದಿಯು ಅಚ್ಚಾದೊಡನೆ ಕೆಲಸ ಮುಗಿಯಿತೆಂದು ಆಕೆ ಸುಮ್ಮನಾಗಲಿಲ್ಲ. ಮರುವರ್ಷವೇ ಮದ್ರಾಸು, ಮುಂಬಯಿ, ಬಂಗಾಳ ಪ್ರಾಂತಗಳಲ್ಲಿ ನೈರ್ಮಲ್ಯ ಆಯೋಗಗಳು ಏರ್ಪಟ್ಟುವು. ಹತ್ತು ವರ್ಷಗಳ ತರುವಾಯ, 1873ರಲ್ಲಿ, ಅದೇ ಅಳತೆಗೋಲಿನಿಂದ ಮತ್ತೆ ಅಳೆದು, ಮರಣ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿದಿದೆಯೆಂದು ಸಾರಿದಳು. ಇಳಿಕೆಗೆ ಕಾರಣಗಳು ಹಲವಿದ್ದಿರಬಹುದು. ಆದರೆ ಮೊದಲು ಅಳೆದುದನ್ನೇ ಮತ್ತೆ ಅಳೆದು, ಎಷ್ಟು ಮುಂದೆ ಬಂದಿದ್ದೇವೆಂದು ಲೆಕ್ಕ ಒಪ್ಪಿಸುವ ಪದ್ಧತಿಯು ನಮ್ಮ ಇಂದಿನ ಸೂಚ್ಯಂಕಗಳಿಗೆ ಹಿರಿಯಕ್ಕನೆನ್ನಬೇಕು.

ಇಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಮುಂದಕ್ಕೆ ಹೋಗಲಾಗದು. ಎಣಿಸಿದುದು ಯಾರ ಸಾವನ್ನು? 1809ರಲ್ಲಿ ನೆಲೆಗೊಂಡ ಈ ದಂಡಿನಲ್ಲಿ ಸೋಲ್ಜರುಗಳಿಗೆ ಬ್ಯಾರಕ್ಕು, ಅಧಿಕಾರಿಗಳಿಗೆ ಬಂಗಲೆ. ಅವರ ಅಡಿಗೆಯವರು, ದೋಬಿಗಳು, ಗಾಡಿಯವರು, ಕೂಲಿಗಾರರು ಇಂದಿನ ಶಿವಾಜಿನಗರವಾದ ಅಂದಿನ ಬ್ಲಾಕ್‌ಪಲ್ಲಿಯಲ್ಲಿಯೂ ಹಲಸೂರಿನ ಬಜಾರಿನಲ್ಲಿಯೂ ಕಿಕ್ಕಿರಿದು ಬಾಳಿದರು. ಸಾಮ್ರಾಜ್ಯಕ್ಕೆ ಬೇಕಾಗಿದ್ದವನು ಸಿಪಾಯಿ. ಆದ್ದರಿಂದ ಅವನ ಸಾವಿಗೆ ಲೆಕ್ಕವಿತ್ತು. ಬಜಾರಿನವನ ಹೊಲಸು ವರದಿಗೆ ಬಂದಿತು. ಅವನ ಸಾವಿಗೆ ಅಂಥ ಲೆಕ್ಕ ದೊರೆಯಲಿಲ್ಲ.

ಈ ಕೊರತೆಯನ್ನು ನೈಟಿಂಗೇಲಳು ತಾನೇ ಕಂಡುಕೊಂಡುದು ಆಕೆಯ ಹಿರಿಮೆ. ಸುತ್ತಣ ಜನರ ಆರೋಗ್ಯವನ್ನು ಬಿಟ್ಟು ಸಿಪಾಯಿಯ ಆರೋಗ್ಯವಿಲ್ಲವೆಂದು ಮನಗಂಡು, ಮುಂದಿನ ವರ್ಷಗಳಲ್ಲಿ ಹಳ್ಳಿಗಳ ನೈರ್ಮಲ್ಯ, ನೀರಾವರಿ, ರೈತನ ಸಾಲ, ಕ್ಷಾಮ ಇವುಗಳತ್ತ ತಿರುಗಿದಳು. ಪುಣೆಯ ಸಾರ್ವಜನಿಕ ಸಭೆಯೊಡನೆ ಪತ್ರವ್ಯವಹಾರ ನಡೆಸಿದಳು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ದಕ್ಷಿಣದ ಜನ ಹಸಿದು ಸತ್ತುದನ್ನು ಕುರಿತು ತನ್ನ ದೇಶದವರಿಗೆ ನಿಷ್ಠುರವಾಗಿ ಬರೆದಳು. ಆ ಕ್ಷಾಮದ ಲೆಕ್ಕ ನಮ್ಮ ಸಂಸ್ಥಾನಕ್ಕೆ ದೊರೆತುದು ಹೇಗೆಂಬುದನ್ನು ವಾಚಕರು ನೆನೆಯಬೇಕು. 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬದುಕಿದ್ದಾಗ ಲೆಕ್ಕಕ್ಕೆ ಬಾರದವರು ಸತ್ತ ಮೇಲೆ ಎರಡು ಮೊತ್ತಗಳ ನಡುವಣ ವ್ಯತ್ಯಾಸವಾಗಿ ಕಾಣಿಸಿಕೊಂಡರು.

ಸೋಲುಗಳೂ ಆಕೆಗೆ ಕಡಮೆಯಿರಲಿಲ್ಲ. ಇಂಗ್ಲೆಂಡಿನ 1861ರ ಜನಗಣತಿಯಲ್ಲಿ ರೋಗಿಗಳ ಸಂಖ್ಯೆಯನ್ನೂ ವಾಸದ ಮನೆಗಳ ಸ್ಥಿತಿಯನ್ನೂ ಸೇರಿಸಬೇಕೆಂದು ಕೇಳಿದಳು, ಸರ್ಕಾರ ಒಪ್ಪಲಿಲ್ಲ. ಅಧಿಕಾರಿಗಳ ಬಳಿ ಅಂಕಿಗಳಿದ್ದರೂ ಅವನ್ನು ಬಳಸುವ ಜ್ಞಾನವಿಲ್ಲವೆಂದು ಮರುಗಿ, 1891ರಲ್ಲಿ ಆಕ್ಸ್‌ಫರ್ಡಿನಲ್ಲಿ ಆನ್ವಯಿಕ ಸಂಖ್ಯಾಶಾಸ್ತ್ರದ ಪೀಠವೊಂದನ್ನು ಸ್ಥಾಪಿಸಲು ಯತ್ನಿಸಿದಳು, ಅದೂ ಕೈಗೂಡಲಿಲ್ಲ. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವ ಪ್ರಥಮತಃ ಒಬ್ಬ ಸ್ತ್ರೀಗೆ ಸಂದಿತು. ಆ ಸ್ತ್ರೀ ಈಕೆ. 1910ರ ಆಗಸ್ಟ್ 13ರಂದು ತನ್ನ 90ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು.

ಆಕೆ ಬಯಸಿದುದು ಇಂದು ಜಗತ್ತಿನ ಒಪ್ಪಂದವಾಗಿದೆ. 2015ರಲ್ಲಿ ವಿಶ್ವಸಂಸ್ಥೆಯ ರಾಷ್ಟ್ರಗಳು 2030ರೊಳಗೆ ಸಾಧಿಸಬೇಕಾದ 17 ಗುರಿಗಳನ್ನೂ 169 ಉದ್ದೇಶಗಳನ್ನೂ ಒಪ್ಪಿಕೊಂಡುವು. ನೀತಿ ಆಯೋಗವು 2018ರಲ್ಲಿ ರಾಜ್ಯಗಳನ್ನು ಅಂಕ ಕೊಟ್ಟು ಹೋಲಿಸುವ ಸೂಚ್ಯಂಕವನ್ನು ಮೊದಲ ಬಾರಿಗೆ ಹೊರತಂದಿತು. ಇದು ಸ್ತುತ್ಯವಾದ ಕಾರ್ಯ. ಆದರೆ ರಾಜ್ಯದ ಸರಾಸರಿಯೊಳಗೆ ನಗರ ಅಡಗುತ್ತದೆ. ನಗರದ ಸರಾಸರಿಯೊಳಗೆ ಓಣಿ ಅಡಗುತ್ತದೆ. ಇಂದಿರಾನಗರದ ನಲ್ಲಿಯನ್ನೂ ಕೃಷ್ಣರಾಜಪುರದಾಚೆಯ ಕೂಲಿಗಾರರ ಕೊಡಗಳನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕಿ ಇಬ್ಬರ ಸ್ಥಿತಿಯನ್ನೂ ಹೇಳದು. 2024ರ ಬೇಸಿಗೆಯಲ್ಲಿ ನಗರದ ಪೂರ್ವಭಾಗದ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿನ ದಾರಿ ಕಾದಾಗ ಈ ಮಾತು ಸ್ಪಷ್ಟವಾಯಿತು.

ಅಳೆದು ಸುಮ್ಮನಿರುವುದೂ ಅಳೆಯದಿರುವುದಕ್ಕಿಂತ ಮೇಲಲ್ಲ. ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ 4 ಮಿಲಿಗ್ರಾಮಿಗಿಂತ ಕಡಮೆಯಾದರೆ ಅದು ಮೀನುಗಾರಿಕೆಗೆ ತಕ್ಕುದಲ್ಲವೆಂಬುದು ಸರ್ಕಾರದ್ದೇ ಮಾನದಂಡ. ಹಾಗಿದ್ದೂ 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. 1863ರ ವರದಿಯ ಕಾಲದಲ್ಲಿ ಕೊಳೆ ಸೇರುತ್ತಿದ್ದ ಕೆರೆಯೂ ಇದೇ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆ ವರ್ಷ ನಡೆಯಲಿಲ್ಲ. 2025ರಲ್ಲಿ ನಗರವು ಐದು ಪಾಲಿಕೆಗಳಾಗಿ ವಿಭಾಗವಾಯಿತು. ಎಲ್ಲೆಗಳು ಬದಲಾದಾಗ ಹಳೆಯ ಅಂಕಿಗೂ ಹೊಸ ಅಂಕಿಗೂ ತಾಳೆ ತಪ್ಪುವ ಭಯವುಂಟು. ತಾಳೆ ತಪ್ಪಿದರೆ ಯಾರ ಲೋಪವೂ ಹೊರಬೀಳದು. ಆದುದರಿಂದ ಅಧಿಕಾರದಲ್ಲಿರುವವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ವಾರ್ಡು ವಾರ್ಡಿಗೆ ನೀರು, ಚರಂಡಿ, ಶಿಶುಮರಣಗಳ ಲೆಕ್ಕವನ್ನು ಒಂದೇ ಅಳತೆಯಿಂದ ವರ್ಷ ವರ್ಷವೂ ತೆಗೆದು ಜನರೆದುರು ಇಡಲಿ, ಕಳೆದ ವರ್ಷದ ಅಂಕಿಯನ್ನು ಕಂಡು ಏನು ಮಾಡಿದೆವೆಂಬುದನ್ನು ಅದರ ಪಕ್ಕದಲ್ಲಿಯೇ ಬರೆಯಲಿ. ಪರಕೀಯರ ಆಡಳಿತವು ತನ್ನ ಸಿಪಾಯಿಗಾಗಿ ಇಷ್ಟನ್ನು ಮಾಡಿತು. ನಮ್ಮವರದೇ ಆದ ಆಡಳಿತವು ಶಿವಾಜಿನಗರದ ಹಮಾಲಿಗಾಗಿ ಇದನ್ನು ಮಾಡಲಾರದೆಂದರೆ ಒಪ್ಪತಕ್ಕ ಮಾತಲ್ಲ.