ಥೇಡಿಯಸ್ ಸ್ಟೀವೆನ್ಸನ ಚರಿತ್ರೆ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಶಾಸನಸಭೆಯಲ್ಲಿ ದಾಸರ ಪಕ್ಷವಾಗಿ ನಿಂತವರಲ್ಲಿ ಪ್ರಮುಖನಾದ ಒಬ್ಬನ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದಿಡುತ್ತೇವೆ.

ಥೇಡಿಯಸ್ ಸ್ಟೀವೆನ್ಸನು 1792ನೆಯ ಇಸವಿ ಏಪ್ರಿಲ್ 4ರಂದು ವರ್ಮಾಂಟ್ ಸಂಸ್ಥಾನದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದನು. ಹುಟ್ಟಿನಿಂದಲೇ ಆತನ ಒಂದು ಪಾದವು ಸೊಟ್ಟಗಿತ್ತು. ತಂದೆಯು ಹೆಂಡತಿಯನ್ನೂ ನಾಲ್ವರು ಗಂಡುಮಕ್ಕಳನ್ನೂ ಬಿಟ್ಟುಹೋಗಲು, ತಾಯಿಯಾದ ಸಾರಳು ಬಹು ಕಷ್ಟದಿಂದ ದುಡಿದು ಈ ಮಗನನ್ನು ಓದಿಸಿದಳು. 1814ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಪೆನ್ಸಿಲ್ವೇನಿಯಾಕ್ಕೆ ಬಂದು, ಗೆಟಿಸ್‌ಬರ್ಗ್ ಊರಿನಲ್ಲಿ ವಕೀಲನಾದನು.

ಇಲ್ಲಿ ಒಂದು ಸಂಗತಿಯನ್ನು ನಾವು ಮರೆಮಾಡಬಾರದು. 1821ರಲ್ಲಿ ಚ್ಯಾರಿಟಿ ಬಟ್ಲರ್ ಎಂಬ ಸ್ತ್ರೀಯು ತನ್ನ ಬಿಡುಗಡೆಗಾಗಿ ನ್ಯಾಯಸ್ಥಾನದ ಮೊರೆಹೊಕ್ಕಾಗ, ಈತನು ಆಕೆಯ ಯಜಮಾನನ ಪಕ್ಷವಾಗಿ ವಾದಿಸಿ ಗೆದ್ದನು. ಆಕೆಯೂ ಆಕೆಯ ಮಕ್ಕಳೂ ದಾಸತ್ವದಲ್ಲಿಯೇ ಉಳಿದರು. ಅನಂತರ ಆತನ ಮಾರ್ಗವು ತಿರುಗಿತು. ಓಡಿಬಂದ ದಾಸರಿಗಾಗಿ ವಾದಿಸುವವನಾದನು.

1834ರಲ್ಲಿ ಪೆನ್ಸಿಲ್ವೇನಿಯಾವು ಎಲ್ಲಾ ಮಕ್ಕಳಿಗೂ ಫೀಜಿಲ್ಲದ ಪಾಠಶಾಲೆಗಳನ್ನು ಏರ್ಪಡಿಸುವ ಶಾಸನವನ್ನು ಮಾಡಿತ್ತು. ತೆರಿಗೆಯ ಭಾರಕ್ಕೆ ಅಂಜಿದ ಜನರು ಅದನ್ನು ರದ್ದುಮಾಡಬೇಕೆಂದು ಅರ್ಜಿಗಳನ್ನು ಕಳುಹಿಸಿದರು. ಮೇಲ್ಸಭೆಯೂ ಅದಕ್ಕೆ ಸಮ್ಮತಿಸಿತು. 1835ರಲ್ಲಿ ಕೆಳಸಭೆಯ ಸದಸ್ಯನಾಗಿದ್ದ ಸ್ಟೀವೆನ್ಸನು ಎದ್ದುನಿಂತು ಮಾಡಿದ ಭಾಷಣದಿಂದ ಸಭಿಕರ ಮನಸ್ಸು ತಿರುಗಿ ಶಾಲೆಗಳು ಉಳಿದವು. 1838ರಲ್ಲಿ ಆ ಸಂಸ್ಥಾನದ ಹೊಸ ರಾಜ್ಯಾಂಗವು ಕರಿಯರ ವೋಟಿನ ಹಕ್ಕನ್ನು ಕಿತ್ತುಕೊಂಡದ್ದರಿಂದ ಅದಕ್ಕೆ ರುಜು ಹಾಕಲೊಲ್ಲದೆ ಹೋದನು.

ದೇಶದ ಕಾಂಗ್ರೆಸ್ ಸಭೆಯಲ್ಲಿ ಈತನು 1849ರಿಂದ 1853ರ ವರೆಗೂ, ತಿರುಗಿ 1859ರಿಂದ ಮರಣದ ವರೆಗೂ ಸದಸ್ಯನಾಗಿದ್ದನು. ಅಂತರ್ಯುದ್ಧದ ಕಾಲದಲ್ಲಿ ಹಣಕಾಸಿನ ಸಮಿತಿಯ ಅಧ್ಯಕ್ಷನಾಗಿ ಸೈನ್ಯದ ವೆಚ್ಚಕ್ಕೆ ದಾರಿಮಾಡಿದನು. 1863ರಲ್ಲಿ ದಕ್ಷಿಣದ ಸೈನಿಕರು ಕ್ಯಾಲೆಡೋನಿಯಾದಲ್ಲಿದ್ದ ಆತನ ಕಬ್ಬಿಣದ ಕಾರ್ಖಾನೆಯನ್ನು ಸುಟ್ಟುಬಿಟ್ಟರೂ ಆತನು ಹಿಂಜರಿಯಲಿಲ್ಲ. ದಾಸತ್ವವನ್ನು ನಿರ್ಮೂಲಮಾಡಿದ 1865ರ 13ನೆಯ ತಿದ್ದುಪಡಿಗೂ, ಶಾಸನದ ಮುಂದೆ ಸಮಾನ ರಕ್ಷಣೆಯನ್ನು ಕೊಟ್ಟು 1868ರಲ್ಲಿ ಸ್ಥಿರವಾದ 14ನೆಯ ತಿದ್ದುಪಡಿಗೂ ಆತನು ಬಹಳವಾಗಿ ಹೋರಾಡಿದನು. ಬಿಡುಗಡೆಹೊಂದಿದ ಕುಟುಂಬಗಳಿಗೆ 40 ಎಕರೆ ಭೂಮಿಯನ್ನು ಹಂಚಬೇಕೆಂದು ಕೇಳಿಕೊಂಡನು, ಸಭೆಯು ಒಪ್ಪಲಿಲ್ಲ. ಭೂಮಿಯಿಲ್ಲದ ಬಿಡುಗಡೆಯು ಎಷ್ಟು ದುರ್ಬಲವೆಂಬುದನ್ನು ಆ ಜನರು ಅನೇಕ ವರುಷ ಅನುಭವಿಸಿದರು.

ಕಡೆಯ ದಿನಗಳಲ್ಲಿ ನಡೆಯಲಾರದೆ, ಕುರ್ಚಿಯಲ್ಲಿ ಹೊರಿಸಿಕೊಂಡು ಸಭೆಗೆ ಬರುತ್ತಿದ್ದನು. 1868ನೆಯ ಆಗಸ್ಟ್ 11ರಲ್ಲಿ ವಾಷಿಂಗ್ಟನ್ ನಗರದಲ್ಲಿ ತೀರಿಕೊಂಡನು. ಬೇರೆ ಸ್ಮಶಾನಗಳು ಕರಿಯರನ್ನು ಸೇರಿಸುತ್ತಿರಲಿಲ್ಲವಾದ್ದರಿಂದ, ಎಲ್ಲರಿಗೂ ತೆರೆದಿದ್ದ ಲ್ಯಾಂಕಾಸ್ಟರ್ ಪಟ್ಟಣದ ಒಂದು ಚಿಕ್ಕ ಸ್ಮಶಾನವನ್ನು ತಾನೇ ಆರಿಸಿಕೊಂಡಿದ್ದನು. ಅಲ್ಲಿಯೇ ಆತನನ್ನು ಹೂಣಿಟ್ಟರು.

ವಾಚಕರೇ, ಒಬ್ಬ ತಾಯಿಯನ್ನೂ ಆಕೆಯ ಮಕ್ಕಳನ್ನೂ ಬಂಧನದಲ್ಲಿರಿಸಲು ವಾದಿಸಿದವನೇ ಲಕ್ಷಾಂತರ ಜನರ ಬಿಡುಗಡೆಗಾಗಿ ದುಡಿದನು. ಹಿಂದಿನ ತಪ್ಪು ನಮ್ಮನ್ನು ಕಟ್ಟಿಹಾಕಬೇಕಾಗಿಲ್ಲ. ಆದರೆ ತಿರುಗಿಕೊಂಡವನು ಕಡೆಯ ವರೆಗೂ ನಡೆಯಬೇಕು. ನಮ್ಮ ಊರುಗಳಲ್ಲಿಯೂ ಬಾವಿಯ ಬಳಿಯಲ್ಲಾಗಲಿ ಸಮಾಧಿಯ ಬಳಿಯಲ್ಲಾಗಲಿ ಯಾರನ್ನು ದೂರವಿಟ್ಟಿದ್ದೇವೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.